ಮಾವನ ವಯಸ್ಸು

ಟಿಲ್‌ಫರ್ಡ್ ಕಾರ್ಖಾನೆ ಮುಚ್ಚುತ್ತದೆ ಎಂಬ ಸುದ್ದಿಯನ್ನು ನಮ್ಮ ಮನೆಗೆ ತಂದದ್ದು ಅಡುಗೆಮನೆಯ ರೇಡಿಯೋ. ಸಾವಿರದ ಒಂಬೈನೂರ ಅರವತ್ತಮೂರು; ಕ್ರಿಸ್‌ಮಸ್ಸಿಗೆ ಇನ್ನು ಹದಿನೈದು ದಿನವಿತ್ತು. ಮಾವ ಆಗಷ್ಟೇ ಹಗಲು ಪಾಳಿ ಮುಗಿಸಿ ಬಂದು ಬಾರ್ಲಿ ಸಾರಿನ ಮುಂದೆ ಕೂತಿದ್ದರು. ಬೆಳಗಿನಿಂದ ಸಂಜೆವರೆಗೆ ಕಾರಿಗೆ ಬಾಗಿಲು ಜೋಡಿಸಿ ಬಂದವರಿಗೆ ಒಂದು ಮಾತು ಹೇಳಿ ಕಳಿಸಬೇಕು ಎಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

"ಸುಳ್ಳು," ಅಂದರು ಮಾವ. "ಐವತ್ನಾಲ್ಕರಲ್ಲೂ ಹೀಗೇ ಅಂದ್ರು, ಐವತ್ತಾರರಲ್ಲೂ ಅಂದ್ರು. ಲೊರೇನ್, ಅದನ್ನ ಆರಿಸಮ್ಮ."

ನಾನು ಆರಿಸಿದೆ. ಅತ್ತೆ ಮತ್ತೆ ಹಾಕಿದರು.

ನಾನು ಗ್ರಾಬಾರೆಕ್ ಮನೆಯ ಸೊಸೆ. ಕೆಳಗಡೆ ಮಾವ ಲುಡ್ವಿಕ್, ಅತ್ತೆ ಪೆಲಾಜಿಯಾ. ಮಹಡಿ ಮೇಲೆ ನಾನು, ನನ್ನ ಗಂಡ ಎಡ್ಮಂಡ್. ಅಡುಗೆ ಮಾತ್ರ ಒಂದೇ. ನಮ್ಮ ಬೀದಿಯಲ್ಲಿ ಟಿಲ್‌ಫರ್ಡ್ ಸಂಬಳ ಬರದ ಮನೆ ಇರಲಿಲ್ಲ; ಬೇರೆ ಕಂಪನಿಯ ಕಾರೂ ಇರಲಿಲ್ಲ. ಯಾರಾದರೂ ತಂದರೆ ಕಾರ್ಖಾನೆಯ ಅಂಗಳದ ಕೊನೆಯಲ್ಲಿ, ಕಸದ ರಾಶಿಯ ಪಕ್ಕ ನಿಲ್ಲಿಸಬೇಕಿತ್ತು. ಅಜ್ಜಂದಿರ ಕಾಲದಲ್ಲಿ ಕಂಪನಿ ಕುದುರೆಗಾಡಿ ಮಾಡುತ್ತಿತ್ತು, ಆಮೇಲೆ ಕಾರು. ಮೂವತ್ತೊಂದರಲ್ಲಿ ದಿವಾಳಿಯೆದ್ದು ಬಾಗಿಲು ಹಾಕಿತು. ಮೂವತ್ನಾಲ್ಕರಲ್ಲಿ ಹೊಸ ಯಜಮಾನರು ಬಂದು ತೆರೆದರು. ಯುದ್ಧದಲ್ಲಿ ಸೈನ್ಯದ ಲಾರಿ ಮಾಡಿ ಕೊಬ್ಬಿತು. ಯುದ್ಧ ಮುಗಿದು ಜನ ಕಾರಿಗಾಗಿ ಸಾಲುಗಟ್ಟಿದಾಗ ಮೇಲಿನವರು ಲಾಭ ಹಂಚಿಕೊಂಡರು, ನಮ್ಮವರು ಸಂಬಳ ಏರಿಸಿಕೊಂಡರು, ಹೊಸ ಯಂತ್ರ ತರುವುದನ್ನು ಮಾತ್ರ ಎಲ್ಲರೂ ಮುಂದಿನ ವರ್ಷಕ್ಕೆ ಹಾಕಿದರು. ಅಷ್ಟರಲ್ಲಿ ಡೆಟ್ರಾಯಿಟ್‌ನ ದೊಡ್ಡ ಕಂಪನಿಗಳು ಬೆಲೆ ಇಳಿಸಿದವು. ಮಾರಾಟವಾಗದ ನಮ್ಮ ಕಾರುಗಳು ಹಿಂದಿನ ಬಯಲಿನಲ್ಲಿ ಹಿಮ ಹೊದ್ದು ನಿಂತವು. ಕಣ್ಣಿದ್ದವರಿಗೆ ಕಾಣುತ್ತಿತ್ತು. ನಮ್ಮ ಬೀದಿಯವರು ಕಣ್ಣು ಬೇರೆ ಕಡೆ ತಿರುಗಿಸಿಕೊಂಡಿದ್ದರು, ಅಷ್ಟೆ.

ಆ ಕ್ರಿಸ್‌ಮಸ್ಸಿಗೆ ನಮ್ಮ ಪದ್ಧತಿಯ ಹನ್ನೆರಡು ಅಡುಗೆಯ ಬದಲು ಐದಾಯಿತು. ಎಲೆಕೋಸು, ಹೆರಿಂಗ್ ಮೀನು, ಬೀಟ್‌ರೂಟ್ ಸಾರು, ಆಲೂಗೆಡ್ಡೆ ಕಡುಬು, ಒಣಹಣ್ಣಿನ ಪಾಯಸ. ಕಡುಬು ಎಣಿಸಿ ಬಡಿಸಿದ್ದನ್ನು ನೋಡಿ ಎಡ್ಮಂಡ್, "ಅಮ್ಮ, ಇದಕ್ಕೂ ಪಡಿ ಚೀಟಿ ಬಂತಾ?" ಅಂದ.

ಜನವರಿಯಲ್ಲಿ ಪಿಂಚಣಿಯ ಕಾಗದ ಬಂತು. ನಿಧಿಯಲ್ಲಿ ಎಲ್ಲರಿಗೂ ಸಾಲುವಷ್ಟು ಹಣವಿರಲಿಲ್ಲವಂತೆ. ಮುಚ್ಚಿದ ದಿನಕ್ಕೆ ಅರವತ್ತು ತುಂಬಿದವರಿಗೆ ಬದುಕಿರುವ ತನಕ ತಿಂಗಳು ತಿಂಗಳು ಪೂರ್ತಿ ಪಿಂಚಣಿ. ನಲವತ್ತರಿಂದ ಅರವತ್ತರ ನಡುವಿನವರಿಗೆ ಒಂದೇ ಒಂದು ಚೆಕ್ಕು, ಒಂದು ಚಳಿಗಾಲಕ್ಕಾಗುವಷ್ಟು. ನಲವತ್ತರ ಒಳಗಿನವರಿಗೆ ಏನೂ ಇಲ್ಲ.

ಎಡ್ಮಂಡ್‌ಗೆ ಮೂವತ್ನಾಲ್ಕು. ಅವನು ಕಾಗದ ಮಡಿಚಿ ಮೇಜಿನ ಕುಂಟುವ ಕಾಲಿನ ಕೆಳಗೆ ಇಟ್ಟ.

"ಹದಿನೈದು ವರ್ಷ ದುಡಿದಿದ್ದಕ್ಕೆ ಇಷ್ಟಾದ್ರೂ ಉಪಯೋಗಕ್ಕೆ ಬಂತು," ಅಂದ. "ಮುದುಕರು ಬಟ್ಟಲು ನೆಕ್ಕಿದ್ಮೇಲೆ ನಮಗೆ ವಾಸನೆ."

"ಯಾವ ಮುದುಕರು ಕಣೋ? ನಿನ್ನಪ್ಪಂಗೂ ಸಿಗಲಿಲ್ಲ," ಅಂದರು ಅತ್ತೆ.

ಮಾವನಿಗೆ ಕಂಪನಿಯ ಪುಸ್ತಕದಲ್ಲಿ ಐವತ್ತೊಂಬತ್ತು ವರ್ಷ ಒಂಬತ್ತು ತಿಂಗಳು. ಮೂರು ತಿಂಗಳು ಸಾಲಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಬೀದಿಯ ಹೆಂಗಸರೆಲ್ಲ ಬಂದು ಅತ್ತೆಯ ಹತ್ತಿರ ಮರುಗಿ ಹೋದರು. ಅತ್ತೆ ಮಾತ್ರ ತುಟಿ ಬಿಗಿದುಕೊಂಡು ಎಲ್ಲರಿಗೂ ಕಾಫಿ ಕೊಟ್ಟರು. ಅವರ ಸ್ವಭಾವಕ್ಕೆ ಅಷ್ಟು ಮೌನ ಒಗ್ಗುವುದಿಲ್ಲ. ನಾನು ಆಗಲೇ ಅನುಮಾನ ಪಡಬೇಕಿತ್ತು.

ಮನೆಗೆ ಬರುತ್ತಿದ್ದದ್ದು ನನ್ನ ಸಂಬಳ ಒಂದೇ. ಷರ್ಟಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದೆ. ತಿಂಗಳ ಕೊನೆಗೆ ಎಡ್ಮಂಡ್ ಮಿಷಿಗನ್‌ನಲ್ಲಿ ಬೇರೆ ಕಾರು ಕಂಪನಿಗೆ ಸೇರಿದ. ವಾರವಿಡೀ ಅಲ್ಲೇ ಒಂದು ಬಾಡಿಗೆ ಕೋಣೆ, ಶನಿವಾರ ಮನೆಗೆ. ಎರಡನೆಯ ಶನಿವಾರವೇ ನಮ್ಮ ಟಿಲ್‌ಫರ್ಡ್ ಮಾರಿ ಆ ಕಂಪನಿಯ ನೀಲಿ ಕಾರಿನಲ್ಲಿ ಬಂದು ಮನೆ ಮುಂದೆ ನಿಲ್ಲಿಸಿದ.

ಮಾವ ಕಿಟಕಿಯ ಪರದೆ ಎಳೆದರು.

"ಹಿಂದಿನ ಓಣೀಲಿ ನಿಲ್ಸು ಅದನ್ನ."

"ಯಾಕೆ? ಇದೇ ಈಗ ಅನ್ನ ಹಾಕ್ತಿರೋದು."

"ಇಪ್ಪತ್ತೊಂಬತ್ತು ವರ್ಷ ನಿನಗೆ ಅನ್ನ ಹಾಕಿದ್ದು ಯಾವುದು?"

"ಆ ಅನ್ನ ಹಾಕಿದವರು ಒಂದು ಮಾತೂ ಹೇಳದೆ ಹೋದ್ರಲ್ಲಪ್ಪ. ನೀನು ಅವರ ಹೆಣ ಕಾಯ್ತಿದ್ದೀಯ. ಅಲ್ಲಿ ಟಿಲ್‌ಫರ್ಡ್ ಕಾರಲ್ಲಿ ಹೋದ್ರೆ ಅಂಗಳದ ಕೊನೇಗೆ ನಿಲ್ಸು ಅಂತಾರೆ, ಗೊತ್ತಾ? ನಾವೂ ಹಾಗೇ ಮಾಡ್ತಿದ್ವಿ, ಈಗ ನಮಗೆ ಮಾಡ್ತಾರೆ."

ಮಾವ ತಟ್ಟೆ ಸರಿಸಿ ಎದ್ದು ಹೋದರು. ಎಡ್ಮಂಡ್ ಅವರ ಪಾಲಿನ ಸಾಸೇಜನ್ನೂ ತಿಂದ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು; ಪಾತ್ರೆ ತೊಳೆಯುವವಳು ನಾನಾದ್ದರಿಂದ ಪಾತ್ರೆಯ ಮೇಲೆ ತೀರಿಸಿಕೊಂಡೆ.

ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದು ರಾತ್ರಿ ಮೂವರೇ ಉಪವಾಸದ ಊಟಕ್ಕೆ ಕೂತಿದ್ದೆವು. ಬೇಯಿಸಿದ ಆಲೂಗೆಡ್ಡೆ, ಹೆರಿಂಗ್. ಅತ್ತೆ ಇದ್ದಕ್ಕಿದ್ದ ಹಾಗೆ ಚಮಚ ಕೆಳಗಿಟ್ಟರು.

"ಸೊಸೆಗೆ ಹೇಳು ಲುಡ್ವಿಕ್. ಓದಿದವಳು. ಏನಾದ್ರೂ ದಾರಿ ಹೇಳ್ತಾಳೆ."

"ಬೇಡ ಪೆಲಾ."

"ಹಾಗಾದ್ರೆ ನಾನೇ ಹೇಳ್ತೀನಿ. ಲೊರೇನ್, ನಿಮ್ಮ ಮಾವಂಗೆ ಐವತ್ತೊಂಬತ್ತಲ್ಲ. ಅರವತ್ನಾಲ್ಕು."

ನಾನು ತಮಾಷೆ ಅಂದುಕೊಂಡೆ. ಹಳೆಯ ದೇಶದಿಂದ ಬಂದ ನಮ್ಮವರು ಹುಟ್ಟುಹಬ್ಬ ಮಾಡುವುದಿಲ್ಲ, ಹೆಸರಿನ ಸಂತನ ದಿನ ಮಾಡುತ್ತಾರೆ. ಅದರಲ್ಲಿ ಕೇಕು ಇರುತ್ತದೆ, ವಯಸ್ಸು ಇರುವುದಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಾವನ ವಯಸ್ಸು ನಾನು ಕೇಳಿರಲಿಲ್ಲ. ಅವರ ಮಗನೂ ಕೇಳಿರಲಿಲ್ಲ.

ನಡೆದದ್ದು ಇಷ್ಟು. ಮೂವತ್ನಾಲ್ಕರಲ್ಲಿ ಕಾರ್ಖಾನೆ ಮತ್ತೆ ತೆರೆದಾಗ ಮೂವತ್ತೈದು ತುಂಬಿದವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಎಲ್ಲೂ ಬರೆದಿರಲಿಲ್ಲ, ಆದರೆ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಮಾವನಿಗೆ ಆಗ ಸರಿಯಾಗಿ ಮೂವತ್ತೈದು, ಕಿವಿಯ ಮೇಲೆ ನರೆ ಬೇರೆ. ಮೂರು ವರ್ಷ ಕೆಲಸವಿರಲಿಲ್ಲ. ಎಡ್ಮಂಡ್ ಇನ್ನೂ ಐದು ವರ್ಷದ ಮಗು. ಅತ್ತೆ ಬೂಟ್ ಪಾಲಿಶ್ ತಂದು ಗಂಡನ ತಲೆಗೆ ಹಚ್ಚಿದರು. ಮಾವ ಹೋಗಿ ಮೂವತ್ತು ಎಂದರು. ಕೆಲಸ ಸಿಕ್ಕಿತು. ಆಮೇಲೆ ಸರ್ಕಾರದ ಕಾಗದಗಳಲ್ಲೂ ಅದೇ ವಯಸ್ಸು ಬರೆಸಿದರು. ಐದು ವರ್ಷ ಹೆಚ್ಚಿಗೆ ದುಡಿಯಬಹುದಲ್ಲ ಎಂದು ಒಳಗೊಳಗೇ ಖುಷಿಯೂ ಇತ್ತಂತೆ.

"ನಿಜವಾದ ವಯಸ್ಸಿಗೆ ಕಾಗದ ಇದೆಯಾ?" ಎಂದು ಕೇಳಿದೆ.

"ಹುಟ್ಟೂರಿನ ಚರ್ಚು ಮೊದಲ ಯುದ್ಧದಲ್ಲಿ ಸುಟ್ಟುಹೋಯ್ತು, ಪುಸ್ತಕದ ಸಮೇತ. ಮದುವೆ ಪುಸ್ತಕದಲ್ಲಿ ಪಾದ್ರಿ 'ವಯಸ್ಕರು' ಅಂತಷ್ಟೇ ಬರೆದಿದ್ದಾನೆ. ಹಡಗಿನ ಪಟ್ಟೀಲಿ ಹೆಸರೇ ಯಾರದ್ದೋ ಆಗಿದೆ."

"ಗೊತ್ತಿರೋರು ಯಾರಾದ್ರೂ ಇದ್ದಾರಾ?"

ಮಾವ ಮೀನಿನ ಮುಳ್ಳು ಬಿಡಿಸುತ್ತ ಕೂತರು. ಅತ್ತೆಯೇ ಹೇಳಿದರು: "ವಿಂಚೆಂಟಿ ಬುದ್ನಿಕ್."

ಬುದ್ನಿಕ್ ನಮ್ಮ ಚರ್ಚು ಗುಡಿಸುವ ಮುದುಕ. ಇಬ್ಬರೂ ಒಂದೇ ಹಳ್ಳಿಯವರು, ಒಂದೇ ವಾರ ಜ್ಞಾನಸ್ನಾನವಾದವರು, ಒಂದೇ ಹಡಗಿನಲ್ಲಿ ಬಂದವರು ಎಂದು ಆವತ್ತೇ ನನಗೆ ತಿಳಿದದ್ದು. ಯಾಕೆಂದರೆ ಅವರಿಬ್ಬರೂ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಮೂವತ್ನಾಲ್ಕರ ಸಾಲಿನಲ್ಲಿ ಬುದ್ನಿಕ್ ಮಾವನ ಹಿಂದೆಯೇ ನಿಂತಿದ್ದನಂತೆ. ಅತ್ತೆ ಅವನ ತಲೆಗೂ ಪಾಲಿಶ್ ಹಚ್ಚುತ್ತೇನೆ ಎಂದಿದ್ದರು, ಅವನು ಒಪ್ಪಲಿಲ್ಲ. ಗುಮಾಸ್ತ ಕೇಳಿದಾಗ ಮೂವತ್ತೈದು ಎಂದ. ಪಕ್ಕಕ್ಕೆ ನಿಲ್ಲಿಸಿದರು. ಅಲ್ಲಿಂದ ಮುಂದೆ ಕಲ್ಲಿದ್ದಲು ಅಂಗಡಿಯಲ್ಲಿ ಮೂಟೆ ಹೊತ್ತ, ನಮ್ಮ ಬೀದಿಗೂ ತಂದು ಸುರಿದ. ಎಲ್ಲರ ಮನೆಗೂ ಗ್ಯಾಸ್ ಬಂದು ಆ ಅಂಗಡಿ ಮುಚ್ಚಿದ ಮೇಲೆ ಪೊರಕೆ ಹಿಡಿದ.

"ಎಡ್ಮಂಡ್‌ಗೆ ಹೇಳ್ಬೇಡ," ಅಂದರು ಅತ್ತೆ. "ಅವನ ಹೊಟ್ಟೇಲಿ ಮಾತು ನಿಲ್ಲಲ್ಲ. ಅದೂ ಅಲ್ದೆ ಈ ಪಿಂಚಣಿ ಅಂದ್ರೇನೇ ಉರಿದು ಬೀಳ್ತಾನೆ."

ಮರುದಿನ ನಾನು ಕಾರ್ಮಿಕ ಸಂಘದ ಕಚೇರಿಗೆ ಹೋದೆ. ಅಲ್ಲಿ ಟೈಪು ಮಾಡುವ ಹುಡುಗಿ ನನ್ನ ಜೊತೆ ಓದಿದವಳು. ಯಾರದೋ ಕಥೆ ಎಂದು ಕೇಳಿದೆ. ಯಾರದೆಂದು ಅವಳು ಕೇಳಲಿಲ್ಲ.

"ಬರ್ಕೊಂಡ ಗುಮಾಸ್ತನ ತಪ್ಪು ಅಂದ್ರೆ ತಿದ್ದಬಹುದು," ಅಂದಳು. "ಗುರುವಾರ ಗುರುವಾರ ಪಿಂಚಣಿ ಅಧಿಕಾರಿ ಇಲ್ಲಿಗೆ ಬರ್ತಾರೆ. ಮನೆಯವರಲ್ಲದ ಸಾಕ್ಷಿ ಬೇಕು, ಅವರ ಮುಂದೆ ಪ್ರಮಾಣ ಮಾಡಿ ಹೇಳ್ಬೇಕು. ಆದ್ರೆ ಕೆಲಸಗಾರನೇ ಸುಳ್ಳು ಬರೆಸಿದ್ದ ಅಂತ ಗೊತ್ತಾದ್ರೆ ಸೇವೆಯೇ ರದ್ದು. ಆ ಒಂದು ಚೆಕ್ಕೂ ಇಲ್ಲ."

ಅತ್ತ ದರಿ ಇತ್ತ ಪುಲಿ. ಸುಮ್ಮನಿದ್ದರೆ ಒಂದು ಚೆಕ್ಕಾದರೂ ಬರುತ್ತದೆ, ಕೇಳಿಕೊಂಡು ಹೋದರೆ ಪೂರ್ತಿ ಬರಬಹುದು, ಇಲ್ಲ ಎಲ್ಲವೂ ಹೋಗಬಹುದು. ಮನೆಯಲ್ಲಿ ಎರಡು ವಾರ ಇದೇ ಚರ್ಚೆ. ಅತ್ತೆ ಬಟ್ಟೆ ಹಿಂಡುತ್ತ ವಾದಿಸಿದರು, ಮಾವ ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡುತ್ತ ಬೇಡವೆಂದರು. ಕೊನೆಗೆ ಮನೆ ತೆರಿಗೆಯ ನೋಟೀಸು ಬಂದ ದಿನ ಕೋಟು ಹಾಕಿಕೊಂಡು, "ನಡಿ ಲೊರೇನ್," ಅಂದರು.

ಬುದ್ನಿಕ್‌ನ ಮನೆ ಮೂರು ಬೀದಿ ಆಚೆ, ಬೇಕರಿಯ ಹಿಂದೆ ಒಂದು ಕೋಣೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಗೋಡೆಯ ಮೇಲೆ ಚರ್ಚಿನ ಪಾನನಿರೋಧ ಸಂಘದ ಪಟವಿತ್ತು. ಅವನೇ ಅದರ ಅಧ್ಯಕ್ಷ. ಅವನಪ್ಪ ಕುಡಿದು ಕುಡಿದು ಸತ್ತದ್ದರಿಂದ ತಾನು ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ನಮ್ಮ ಬೀದಿಯಲ್ಲಿ ಅಂಥವನು ಅವನೊಬ್ಬನೇ ಇರಬೇಕು. ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಚಾಕು ಕೆಳಗಿಡದೆ ಪೂರ್ತಿ ಕೇಳಿಸಿಕೊಂಡ.

"ಅಂದ್ರೆ," ಅಂದ, "ಅವತ್ತು ಸುಳ್ಳಿಗೆ ಕೆಲಸ ಸಿಕ್ತು, ಅದು ನಿಂದು. ಇವತ್ತು ನಿಜಕ್ಕೆ ಪಿಂಚಣಿ ಸಿಗತ್ತೆ, ಅದೂ ನಿಂದೇ."

"ಹೌದು," ಅಂದರು ಮಾವ.

"ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಯಾರಿಗಾದ್ರೂ ಹೇಳಿದ್ದೀನಾ?"

"ಇಲ್ಲ."

"ಮತ್ತೆ ನನ್ನ ಕಂಡ್ರೆ ಮುಖ ಯಾಕೆ ತಿರುಗಿಸ್ತಿದ್ದೆ?"

ಮಾವ ಟೋಪಿಯ ಅಂಚು ಹಿಡಿದುಕೊಂಡು ನಿಂತರು. ಅರವತ್ನಾಲ್ಕು ವರ್ಷದ ಗಂಡಸು ಹಾಗೆ ನಿಂತದ್ದನ್ನು ನೋಡಲು ನನ್ನಿಂದ ಆಗಲಿಲ್ಲ. ಆಲೂಗೆಡ್ಡೆ ಬುಟ್ಟಿಯ ಕಡೆ ನೋಡಿದೆ.

"ಯಾವತ್ತು?" ಅಂದ ಬುದ್ನಿಕ್.

"ಗುರುವಾರ."

"ಬರ್ತೀನಿ. ಆದ್ರೆ ಪವಿತ್ರ ಗ್ರಂಥ ಮುಟ್ಟಿ ಸುಳ್ಳು ಹೇಳಕ್ಕೆ ನನ್ನ ಕೈಲಾಗಲ್ಲ ಲುಡ್ವಿಕ್. ಏನು ಕೇಳ್ತಾರೋ ಅದಕ್ಕೆ ಇದ್ದದ್ದು ಹೇಳ್ತೀನಿ. ವಯಸ್ಸು ಕೇಳಿದ್ರೆ ವಯಸ್ಸು. ಉಳಿದದ್ದು ಕೇಳಿದ್ರೆ ಉಳಿದದ್ದೂ."

ಮನೆಗೆ ಬಂದು ಹೇಳಿದಾಗ ಅತ್ತೆ ಕೂಗಾಡಿದರು. "ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಅವನು ಸತ್ಯವಂತ, ನಮ್ಮನ್ನ ಮುಳುಗಿಸ್ತಾನೆ. ಬಿಡು, ಹೋಗೋದೇ ಬೇಡ."

"ಹೋಗ್ತೀನಿ," ಅಂದರು ಮಾವ. "ಅವನ ಬಾಯಿಂದಲೇ ಹೋದ್ರೆ ಹೋಗ್ಲಿ."

ಗುರುವಾರ ನಾನು ಅರ್ಧ ದಿನ ರಜೆ ಹಾಕಿ ನನ್ನ ಅಣ್ಣನ ಕಾರು ಕೇಳಿ ತಂದೆ. ಕಾರ್ಮಿಕ ಸಂಘದ ಸಭಾಂಗಣದಲ್ಲಿ ಮೂವತ್ತು ನಲವತ್ತು ಜನ ಬೆಂಚುಗಳ ಮೇಲೆ ಕೂತು ತಮ್ಮ ಸರದಿ ಕಾಯುತ್ತಿದ್ದರು. ಎಲ್ಲ ನಮ್ಮ ಬೀದಿಯವರು, ನಮ್ಮ ಚರ್ಚಿನವರು. ಅಧಿಕಾರಿಯ ಮೇಜು ಅದೇ ಕೋಣೆಯಲ್ಲಿ, ಮಧ್ಯೆ ಪರದೆಯೂ ಇಲ್ಲ. ಅಲ್ಲಿ ಕೆಮ್ಮಿದರೂ ಇಲ್ಲಿ ಕೇಳುತ್ತಿತ್ತು.

ಬುದ್ನಿಕ್ ಭಾನುವಾರದ ಕೋಟು ಹಾಕಿಕೊಂಡು ಬಂದಿದ್ದ. ಪವಿತ್ರ ಗ್ರಂಥ ಮುಟ್ಟಿ ಪ್ರಮಾಣ ಮಾಡಿದ. ಹಳ್ಳಿ, ಚರ್ಚು, ಹಡಗು, ಕೆಲಸದ ಸಾಲಿನಲ್ಲಿ ತಾನೂ ನಿಂತು ವಾಪಸಾದದ್ದು, ಎಲ್ಲ ಹೇಳಿದ. ಅಧಿಕಾರಿ ಬರೆದುಕೊಂಡು ಕನ್ನಡಕ ತೆಗೆದ.

"ಹಾಗಾದ್ರೆ ಕಂಪನಿ ಪುಸ್ತಕದಲ್ಲಿ ಐದು ವರ್ಷ ಕಡಿಮೆ ಹೇಗೆ ಬಂತು? ಇವರೇ ಬರೆಸಿದ್ರಾ?"

ಮಾವ ಬಾಯಿ ತೆರೆದರು. ಅಷ್ಟರಲ್ಲಿ ಬುದ್ನಿಕ್ ಹೇಳಿದ: "ಇಲ್ಲ. ನಾನು ಹಿಂದೆಯೇ ನಿಂತಿದ್ದೆ. ಇವನು ಮೂವತ್ತೈದು ಅಂದ. ಗುಮಾಸ್ತ ತಲೆ ಎತ್ತದೆ ಏನೋ ಗೀಚಿದ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಅಧಿಕಾರಿ ದಡ್ಡನಲ್ಲ. "ನೋಡಿ ಹಿರಿಯರೇ, ಆ ವರ್ಷ ಮೂವತ್ತೈದು ಅಂದವರನ್ನ ಒಳಗೆ ಬಿಡ್ತಿರಲಿಲ್ಲ ಅಂತ ನಮಗೂ ಗೊತ್ತು. ನಿಮಗೂ ಅಷ್ಟೇ ವಯಸ್ಸು, ನಿಮ್ಮನ್ನ ವಾಪಸ್ ಕಳಿಸಿದ್ರು. ವಯಸ್ಸಿಗೇ ತಾನೇ? ಮತ್ತೆ ಇವರು ಹೇಗೆ ನಿಜ ಹೇಳಿ ಒಳಗೆ ಹೋದ್ರು?"

ಬೆಂಚಿನ ಮೇಲಿದ್ದವರೆಲ್ಲ ಈ ಕಡೆ ತಿರುಗಿದ್ದರು.

"ನನ್ನ ವಾಪಸ್ ಕಳಿಸಿದ್ದು ವಯಸ್ಸಿಗಲ್ಲ," ಅಂದ ಬುದ್ನಿಕ್.

"ಮತ್ತೆ?"

"ಕುಡಿದು ಹೋಗಿದ್ದೆ. ನಿಲ್ಲಕ್ಕೂ ಆಗ್ತಿರಲಿಲ್ಲ."

ಹಿಂದೆ ಯಾರೋ ನಕ್ಕರು. ಇನ್ನೊಬ್ಬ, "ಅಯ್ಯೋ, ಅಧ್ಯಕ್ಷರೇ," ಅಂದ. ಅಧಿಕಾರಿ ಮುದುಕನ ಮುಖ ನೋಡಿ, ಕಾಗದ ಮಾವನ ಕಡೆ ತಳ್ಳಿ ಸಹಿ ಮಾಡಿ ಎಂದ. ಮಾವ ನನ್ನ ಕಡೆ ನೋಡಿದರು. ಒಂದು ಮಾತು ಸಾಕಿತ್ತು. ಆ ಮಾತು ನಾನೂ ಆಡಲಿಲ್ಲ. ಮನೆ ತೆರಿಗೆ, ಅತ್ತೆಯ ಮಂಡಿನೋವಿನ ಔಷಧಿ, ಎಡ್ಮಂಡ್‌ನ ಬಾಡಿಗೆ ಕೋಣೆಯ ಖರ್ಚು, ಎಲ್ಲ ನನ್ನ ತಲೆಯಲ್ಲಿತ್ತು. ಮಾವ ಸಹಿ ಮಾಡಿದರು.

ಮೆಟ್ಟಿಲ ಮೇಲೆ ಮಾವ ಅವನ ತೋಳು ಹಿಡಿದರು. "ಪುಸ್ತಕ ಮುಟ್ಟಿದ್ದೆಯಲ್ಲೋ ವಿಂಚೆಂಟಿ."

"ಮುಟ್ಟಿದ್ದೆ," ಅಂದ ಅವನು, ಕೈಗವಸು ಹಾಕಿಕೊಳ್ಳುತ್ತ. "ನಿಜ ಹೇಳಿ ನನ್ನ ಮನೆ ಒಲೆ ಆರಿದ್ದು ಸಾಕು ಅನ್ನಿಸ್ತು. ನಿಂದೂ ಆರಿದ್ರೆ ನನಗೇನು ಬಂತು?"

ಕಾರಿನಲ್ಲಿ ಬನ್ನಿ ಎಂದು ಕರೆದೆ. ಬರಲಿಲ್ಲ, ನಡೆದೇ ಹೋದ.

ಏಪ್ರಿಲ್ ಕೊನೆಗೆ ಮಾವನ ಅರ್ಜಿ ಒಪ್ಪಿದ್ದಾರೆಂದು ಕಾಗದ ಬಂತು. ಮೇ ತಿಂಗಳ ಮೊದಲ ವಾರ ಪಿಂಚಣಿ ಬಂತು. ಅತ್ತೆ ಬಾತುಕೋಳಿ ಹುರಿದರು. ಊಟಕ್ಕೆ ಮುಂಚೆ ಒಂದು ಪಾಲು ಮುಚ್ಚಿಟ್ಟು ಬುದ್ನಿಕ್‌ಗೆ ಕೊಟ್ಟು ಬಾ ಎಂದು ನನ್ನ ಕೈಗೆ ಕೊಟ್ಟರು. ಅವನು ಬಾಗಿಲಲ್ಲೇ ತೆಗೆದುಕೊಂಡು ಧನ್ಯವಾದ ಹೇಳಿದ. ಗೋಡೆಯ ಮೇಲೆ ಪಾನನಿರೋಧ ಸಂಘದ ಪಟವಿರಲಿಲ್ಲ. ಚರ್ಚು ಗುಡಿಸುವ ಕೆಲಸವನ್ನು ಪಾದ್ರಿ ಇನ್ನೂ ಬಿಡಿಸಿರಲಿಲ್ಲ, ಆದರೆ ಶಾಲೆಯ ಮಕ್ಕಳಿರುವ ಹೊತ್ತಿನಲ್ಲಿ ಬರಬೇಡ ಎಂದಿದ್ದರಂತೆ. ಇದನ್ನು ಅವನು ದೂರಿನ ಹಾಗೆ ಹೇಳಲಿಲ್ಲ, ಯಾವ ಹೊತ್ತಿಗೆ ಮನೆಯಲ್ಲಿ ಸಿಗುತ್ತೇನೆಂದು ತಿಳಿಸುವ ಹಾಗೆ ಹೇಳಿದ.

ಅಂದು ಶನಿವಾರ. ಎಡ್ಮಂಡ್ ಮನೆಗೆ ಬರುವ ದಾರಿಯಲ್ಲಿ ಕ್ಷೌರ ಮಾಡಿಸಿಕೊಂಡು ಬಂದ. ನೀಲಿ ಕಾರು ಮನೆ ಮುಂದೆಯೇ ನಿಂತಿತು. ಮಾವ ಅದರ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದರು. ಅಪ್ಪನ ಕಾಗದವನ್ನು ತಿದ್ದಿದ್ದಾರೆ ಎಂದಷ್ಟೇ ಅವನಿಗೆ ಗೊತ್ತಿತ್ತು. ಬಾತಿನ ಕಾಲು ಹಿಡಿದುಕೊಂಡು ಲಹರಿಯಲ್ಲಿದ್ದ.

"ಅಪ್ಪ, ಬುದ್ನಿಕ್ ವಿಷಯ ಕೇಳಿದ್ಯಾ? ಕ್ಷೌರದಂಗಡೀಲಿ ಇವತ್ತು ಅದೇ ಮಾತು. ಕೆಲಸ ಕೇಳಕ್ಕೆ ಹೋಗೋವಾಗ ಕುಡಿದು ಹೋಗಿದ್ನಂತೆ. ಈ ಮನುಷ್ಯ ಚರ್ಚಿನ ಬಾಗಿಲಲ್ಲಿ ನಮಗೆಲ್ಲ ಬುದ್ಧಿ ಹೇಳ್ತಿದ್ದ, ಬೀರು ಮುಟ್ಟಬೇಡ್ರೋ ಅಂತ."

"ತಿನ್ನೋ, ಆರತ್ತೆ," ಅಂದರು ಅತ್ತೆ.

"ಇರಮ್ಮ. ನೀನೂ ಆ ಸಾಲಲ್ಲಿದ್ಯಂತಲ್ಲಪ್ಪ. ನಿಜವಾ?"

ನಾನು ಮಾವನ ಮುಖ ನೋಡಿದೆ. ಅವರು ಬ್ರೆಡ್ಡಿನ ತುಂಡಿನಿಂದ ತಟ್ಟೆಯ ಜಿಡ್ಡನ್ನು ನಿಧಾನವಾಗಿ ಒರೆಸಿಕೊಂಡು ಬಾಯಿಗೆ ಹಾಕಿಕೊಂಡರು. ಅಗಿದು ನುಂಗಿದರು.

"ನಿಜ," ಅಂದರು. "ನನ್ನ ಹಿಂದೆಯೇ ಇದ್ದ. ಗಬ್ಬು ವಾಸನೆ ಬರ್ತಿತ್ತು."

ಎಡ್ಮಂಡ್ ನಕ್ಕು ಇನ್ನೊಂದು ತುಂಡು ಹಾಕಿಸಿಕೊಂಡ.